ಸುಳಿವು ಕೊಡುವ ಊರು, ಕೊಡದ ಊರು

ಗೋಪಿನಾಥಂ ಸುತ್ತಲಿನ ಕಾಡನ್ನು ಕಣ್ಣಾರೆ ಕಾಣದವರು ಅದನ್ನು ಬಿಸಿಲು ನೆಲ ಮುಟ್ಟದ ದಟ್ಟಡವಿ ಎಂದೇ ಕಲ್ಪಿಸಿಕೊಂಡಿರುತ್ತಾರೆ. ಎರಡು ರಾಜ್ಯಗಳ ಪೊಲೀಸರು ಹುಡುಕಿದರೂ ಒಬ್ಬ ಮನುಷ್ಯ ವರ್ಷಾನುಗಟ್ಟಲೆ ಕೈಗೆ ಸಿಗಲಿಲ್ಲವೆಂದರೆ ಕಾಡು ಹಾಗೆಯೇ ಇರಬೇಕಲ್ಲವೆ? ಆದರೆ ಹನೂರು ತಾಲ್ಲೂಕಿನ ಈ ಅಂಚು, ಕಾವೇರಿ ಹೊಗೇನಕಲ್ಲಿನತ್ತ ಹೊರಳುವ ಈ ಕಣಿವೆ, ಮಳೆ ಕಡಿಮೆಯ ಒಣನಾಡು. ಕಮರ, ದಿಂಡಿಗ, ಜಾಲಿ, ಮುಳ್ಳುಪೊದೆ ಇಲ್ಲಿನ ಸಸ್ಯಸಂಪತ್ತು. ಫೆಬ್ರವರಿ ಕಳೆಯುತ್ತಿದ್ದಂತೆ ಮರಗಳು ಎಲೆ ಕಳಚುತ್ತವೆ. ಎದುರುಗುಡ್ಡದ ಮೇಲೆ ದನ ಮೇಯುತ್ತಿದ್ದರೆ ಇತ್ತಲಿಂದ ಎಣಿಸಬಹುದು. ಬೇಸಿಗೆಯಲ್ಲಿ ನೀರು ನಿಲ್ಲುವ ಮಡುಗಳು ಕೆಲವೇ ಕೆಲವು, ಅವು ಯಾವುವೆಂದು ದನಗಾಹಿ ಹುಡುಗರಿಗೂ ಗೊತ್ತು.

ಕಾಡಿನಲ್ಲಿ ಅವಿತವನಿಗೂ ಹೊಟ್ಟೆ ಇರುತ್ತದೆ. ಅಕ್ಕಿ, ಉಪ್ಪು, ಬೀಡಿ, ಟಾರ್ಚಿನ ಸೆಲ್ಲು, ಮಾತ್ರೆ, ಮದ್ದುಗುಂಡು ಇವೆಲ್ಲ ಊರಿನಿಂದಲೇ ಹೋಗಬೇಕು. ತಂಡ ದೊಡ್ಡದಾದಷ್ಟೂ ಮೂಟೆ ಹೊರುವವರು ಹೆಚ್ಚು, ಹೊತ್ತುಕೊಂಡು ಹೋಗುವುದನ್ನು ಕಂಡವರು ಇನ್ನೂ ಹೆಚ್ಚು. ಅಂದರೆ ಗಂಧ, ದಂತಗಳ ಕಳ್ಳಸಾಗಣೆದಾರ ವೀರಪ್ಪನ್ ಯಾವ ವಾರ ಯಾವ ಹಳ್ಳದ ಬದಿಯಲ್ಲಿದ್ದಾನೆಂದು ಬಲ್ಲ ಜನ ಯಾವಾಗಲೂ ಇದ್ದೇ ಇದ್ದರು. ಗುಡ್ಡಬೆಟ್ಟಗಳು ಅವನನ್ನು ಮರೆಮಾಡಿದ್ದು ಸುಳ್ಳಲ್ಲ, ಆದರೆ ಅದು ಅರ್ಧ ಉತ್ತರ. ಉಳಿದ ಅರ್ಧ ಇರುವುದು ಬೇರೊಂದು ಪ್ರಶ್ನೆಯಲ್ಲಿ: ಕಂಡವರು ಏಕೆ ಹೇಳಲಿಲ್ಲ?

ದೇಶದ ಭದ್ರತೆ ಎಂದಾಗ ನಮ್ಮ ಕಣ್ಣೆದುರು ಬರುವುದು ಗಡಿಬೇಲಿ, ಯುದ್ಧವಿಮಾನ, ರಕ್ಷಣಾ ಬಜೆಟ್ಟು. ಅವು ಬೇಡವೆಂದಲ್ಲ. ಆದರೆ ಒಳನಾಡಿನ ಹಿಂಸೆಯನ್ನು ಅಭ್ಯಸಿಸುವವರು ಕಳೆದ ಎರಡು ದಶಕಗಳಲ್ಲಿ ಹೆಚ್ಚು ತಲೆಕೆಡಿಸಿಕೊಂಡದ್ದು ಈ ‘ಏಕೆ ಹೇಳಲಿಲ್ಲ’ ಎಂಬ ಪ್ರಶ್ನೆಯ ಬಗ್ಗೆಯೇ. ಎಲಿ ಬರ್ಮನ್, ಜೇಕಬ್ ಶಾಪಿರೋ, ಜೋಸೆಫ್ ಫೆಲ್ಟರ್ ಎಂಬ ಮೂವರು ಸಂಶೋಧಕರು ಇರಾಕಿನ ಜಿಲ್ಲೆಗಳ ಹಿಂಸಾಚಾರದ ದಾಖಲೆಗಳನ್ನೂ ಅಲ್ಲಿ ಖರ್ಚಾದ ಅಭಿವೃದ್ಧಿ ಹಣದ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು 2011ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸರ್ಕಾರದ ಪಡೆ ಬಲಿಷ್ಠವಾಗಿ, ಎದುರಾಳಿ ಜನರ ನಡುವೆ ಅಡಗಿದ್ದಾಗ ಸೋಲುಗೆಲುವು ನಿಲ್ಲುವುದು ಊರಿನವರು ಕೊಡುವ ಸುಳಿವಿನ ಮೇಲೆ ಎಂಬುದು ಅವರ ವಾದದ ತಿರುಳು. ಬಂದೂಕಿಗೆ ಕೊರತೆಯಿಲ್ಲ, ಯಾವ ಕಡೆ ತಿರುಗಿಸಬೇಕೆಂದು ಗೊತ್ತಿಲ್ಲ. ಆ ಸುಳಿವು ಕೊಡುವ ಮುನ್ನ ಹಳ್ಳಿಯವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಹೇಳಿದ್ದು ಗೊತ್ತಾದರೆ ನನ್ನ ಗತಿ ಏನು? ಹೇಳಿದರೆ ನನ್ನೂರಿಗೆ ಏನು ಬಂತು? ಹೇಳುವುದನ್ನು ಯಾರೂ ಕಾಣದಂತೆ ಹೇಳಲು ಸಾಧ್ಯವೆ?

ಈ ಕೊನೆಯ ಪ್ರಶ್ನೆಗೆ ಸಿಕ್ಕ ಉತ್ತರ ಕುತೂಹಲದ್ದು. ಇರಾಕಿನಲ್ಲೇ ಶಾಪಿರೋ ಮತ್ತು ನೀಲ್ಸ್ ವೈಡ್‌ಮನ್ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ಹೊಸದಾಗಿ ಮೊಬೈಲ್ ಗೋಪುರ ಎದ್ದ ಕಡೆ ದಾಳಿಗಳು ಇಳಿದಿದ್ದವು. ಮೊಬೈಲ್ ಬಂದರೆ ಬಂಡುಕೋರರಿಗೆ ಅನುಕೂಲ ಎಂದು ಊಹಿಸಿದವರಿಗೆ ಇದು ಉಲ್ಟಾ ಕಂಡಿತು. ಠಾಣೆಯ ಮೆಟ್ಟಿಲು ಹತ್ತದೆ, ಮನೆಯೊಳಗೆ ಕೂತೇ ಹೇಳಬಹುದಾದ ದಾರಿ ತೆರೆದದ್ದು ಇದಕ್ಕೆ ಒಂದು ಕಾರಣವಿರಬಹುದೆಂದು ಅವರ ವಿವರಣೆ. ತೊಂಬತ್ತರ ದಶಕದ ಗೋಪಿನಾಥಂನಲ್ಲಿ ಅಂಥ ದಾರಿ ಇರಲಿಲ್ಲ. ಜೀಪು ಯಾರ ಮನೆ ಮುಂದೆ ನಿಂತಿತು, ಯಾರು ಮಹದೇಶ್ವರ ಬೆಟ್ಟದ ಬಸ್ಸು ಹತ್ತಿದರು ಎಂಬುದು ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತಿತ್ತು. ಮಾಹಿತಿ ಕೊಟ್ಟವರೆಂಬ ಅನುಮಾನದ ಮೇಲೆ ವೀರಪ್ಪನ್ ಕೊಂದವರ ಪಟ್ಟಿ ಚಿಕ್ಕದಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಗೋಪಿನಾಥಂ ತಮಿಳು ಮನೆಮಾತಿನವರೇ ಹೆಚ್ಚಿರುವ ಊರು. ವೀರಪ್ಪನ್ 1952ರ ಜನವರಿಯಲ್ಲಿ ಹುಟ್ಟಿದಾಗ ಇದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ತಾಲ್ಲೂಕಿನೊಡನೆ ಮೈಸೂರಿಗೆ ಬಂತು. ಗಡಿಯ ಮಿಶ್ರಭಾಷೆಯ ಊರುಗಳು ದೇಶದ ದುರ್ಬಲ ಕೊಂಡಿಗಳು ಎಂಬ ಮಾತು ಆಗಾಗ ಕೇಳಿಬರುತ್ತದೆ. ಜೇಮ್ಸ್ ಫಿಯರಾನ್, ಡೇವಿಡ್ ಲೇಟಿನ್ ಇಬ್ಬರೂ 1945ರಿಂದ 1999ರವರೆಗೆ ಜಗತ್ತಿನಲ್ಲಿ ನಡೆದ 127 ಅಂತರ್ಯುದ್ಧಗಳನ್ನು ಪರಿಶೀಲಿಸಿ 2003ರಲ್ಲಿ ಬರೆದದ್ದನ್ನು ಆ ಮಾತಾಡುವವರು ಓದಬೇಕು. ಭಾಷೆ, ಮತ, ಬುಡಕಟ್ಟುಗಳ ವೈವಿಧ್ಯದಿಂದ ಹಿಂಸೆಯನ್ನು ಮುಂಗಾಣಲು ಆಗುವುದಿಲ್ಲ. ಬಡತನ, ದುರ್ಬಲ ಆಡಳಿತ, ಗುಡ್ಡಗಾಡು ನೆಲ ಇವುಗಳಿಂದ ಆಗುತ್ತದೆ ಎಂದು ಅವರ ಲೆಕ್ಕ ತೋರಿಸಿತು. ಗೋಪಿನಾಥಂನಲ್ಲಿ ಮೂರೂ ಇದ್ದವು. ಮಾತಾಡುವ ಭಾಷೆ ಮಾತ್ರ ಇಲ್ಲಿನ ಕಾಯಿಲೆಯಾಗಿರಲಿಲ್ಲ.

ನಾಲ್ಕನೆಯದೊಂದಿತ್ತು: ಗಂಧ. ಶ್ರೀಗಂಧದ ಮರ ಅರೆಪರಾವಲಂಬಿ. ತಾನೇ ಎಲೆಯಲ್ಲಿ ಆಹಾರ ತಯಾರಿಸುತ್ತದೆ, ಜೊತೆಗೆ ನೆಲದಡಿ ಅಕ್ಕಪಕ್ಕದ ಗಿಡಗಳ ಬೇರಿಗೆ ತನ್ನ ಬೇರಿನ ಗಂಟುಗಳನ್ನು ಅಂಟಿಸಿ ನೀರು, ಲವಣ ಹೀರುತ್ತದೆ. ಎಳೆಯ ಮರವನ್ನು ಕಡಿದರೆ ಬಿಳಿ ಕಟ್ಟಿಗೆ, ವಾಸನೆಯಿಲ್ಲ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಚೇಗು ಕಟ್ಟತೊಡಗುತ್ತದೆ. ಒಳ್ಳೆಯ ಎಣ್ಣೆಗೆ ಮೂವತ್ತು ವರ್ಷವಾದರೂ ಕಾಯಬೇಕು. ಬೇರಿನಲ್ಲೂ ಎಣ್ಣೆ ಇರುವುದರಿಂದ ಮರವನ್ನು ಬುಡಸಮೇತ ಅಗೆದು ತೆಗೆಯುತ್ತಾರೆ. ಹೀಗೆ ಒಂದು ತಲೆಮಾರು ಬೆಳೆಸಿದ್ದನ್ನು ಒಂದು ರಾತ್ರಿಯಲ್ಲಿ ಹೊತ್ತೊಯ್ಯಬಹುದು.

ಟಿಪ್ಪು ಸುಲ್ತಾನ್ 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಘೋಷಿಸಿದಂದಿನಿಂದ ಅದು ಎಲ್ಲಿ ಬೆಳೆದರೂ ಆಳುವವರ ಸ್ವತ್ತು. ನಾಲ್ವಡಿಯವರ ಕಾಲದಲ್ಲಿ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದಾಗಲೂ ಅದೇ ನಿಯಮ, 1963ರ ಅರಣ್ಯ ಕಾಯ್ದೆಯಲ್ಲೂ ಅದೇ. ಹಿತ್ತಲಲ್ಲಿ ತಾನಾಗಿ ಹುಟ್ಟಿದ ಸಸಿ ಮನೆಯವನಿಗೆ ತಲೆನೋವು: ಕಾಯುವ ಹೊಣೆ ಅವನದು, ಮರ ಸರ್ಕಾರದ್ದು, ಕಳುವಾದರೆ ವಿಚಾರಣೆ ಅವನಿಗೇ. ಅದಕ್ಕಿಂತ ಮೊಳಕೆಯಲ್ಲೇ ಕಿತ್ತೆಸೆಯುವುದು ಸುಲಭ. ಕಾಡಿನಲ್ಲಿ ಕಳ್ಳ ಕಡಿಯುವುದನ್ನು ಕಂಡರೂ ಅವನಿಗೆ ಬಾಯಿ ಬಿಡಲು ಕಾರಣವಿಲ್ಲ. ಕಡಿಯುವ ಕೂಲಿಯಾದರೋ ರಾಗಿ ಹೊಲದ ಕೂಲಿಗಿಂತ ಮೇಲು. ಎರಡು ಶತಮಾನಗಳ ಕಾಲ ಕಾಯ್ದೆ ಜನರನ್ನು ಮರದಿಂದ ದೂರವಿಟ್ಟಿತು, ಕಳ್ಳಸಾಗಣೆದಾರ ಬಂದು ಅವರನ್ನು ಹತ್ತಿರ ಕರೆದ. ಕರ್ನಾಟಕ ಈ ಕಾಯ್ದೆ ತಿದ್ದಿ ಜಮೀನಿನ ಯಜಮಾನನಿಗೇ ಗಂಧದ ಒಡೆತನ ಕೊಟ್ಟದ್ದು 2001ರಲ್ಲಿ. ವೀರಪ್ಪನ್ ಇನ್ನೂ ಕಾಡಿನಲ್ಲಿದ್ದ.

ದಂತದ ಕಥೆ ಜೀವವಿಜ್ಞಾನದ ದೃಷ್ಟಿಯಿಂದ ಇನ್ನೂ ಆಳವಾದದ್ದು, ಅದಕ್ಕೆ ತುಸು ಹೆಚ್ಚು ಜಾಗ ಕೊಡುತ್ತೇನೆ. ಆಫ್ರಿಕದ ಆನೆಗಳಲ್ಲಿ ಗಂಡು ಹೆಣ್ಣು ಎರಡಕ್ಕೂ ದಂತ ಬರುತ್ತದೆ. ಏಷ್ಯಾದ ಆನೆಯಲ್ಲಿ ಗಂಡಿಗೆ ಮಾತ್ರ. ಗಂಡಿನಲ್ಲೂ ಕೆಲವಕ್ಕೆ ಬರುವುದಿಲ್ಲ, ಅವನ್ನು ಮಖನಾ ಎನ್ನುತ್ತಾರೆ. ಆದ್ದರಿಂದ ಇಲ್ಲಿನ ಬೇಟೆಗಾರ ಆರಿಸಿ ಕೊಲ್ಲುತ್ತಾನೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಎಂಬತ್ತರ ದಶಕದ ಆರಂಭದಲ್ಲಿ ಚಾಮರಾಜನಗರ, ಹಾಸನೂರು ಕಡೆಯ ಕಾಡುಗಳಲ್ಲೇ ಆನೆಗಳ ಹಿಂದೆ ತಿರುಗಿ ಅಧ್ಯಯನ ಮಾಡಿದವರು. ದಂತಕ್ಕಾಗಿ ಗಂಡಾನೆಗಳು ಸಾಯುತ್ತ ಹೋದರೆ ಹಿಂಡಿನ ರಚನೆ ಹೇಗೆ ವಾಲುತ್ತದೆಂದು ಅವರ ಬರಹಗಳು ದಾಖಲಿಸಿವೆ. ಕೇರಳದ ಪೆರಿಯಾರಿನಲ್ಲಿ ಒಂದು ಕಾಲಕ್ಕೆ ಪ್ರಾಯದ ಗಂಡೊಂದಕ್ಕೆ ಹತ್ತಾರು ಹೆಣ್ಣುಗಳು ಎನ್ನುವಷ್ಟು ಸಮತೋಲ ತಪ್ಪಿತ್ತು, ಮರಿಗಳ ಹುಟ್ಟು ಇಳಿದಿತ್ತು.

ಆನೆ ಬಸುರು ಹೊರುವುದು ಇಪ್ಪತ್ತರಿಂದ ಇಪ್ಪತ್ತೆರಡು ತಿಂಗಳು. ಒಂದು ಮರಿಗೂ ಇನ್ನೊಂದಕ್ಕೂ ನಾಲ್ಕೈದು ವರ್ಷದ ಅಂತರ. ಗಂಡುಮರಿ ಮದವೇರಿ ಜೊತೆಗೂಡುವ ಬಲ ಪಡೆಯುವ ಹೊತ್ತಿಗೆ ಹದಿನೈದಿಪ್ಪತ್ತು ವರ್ಷ. ಇಂಥ ನಿಧಾನಜೀವಿಯ ಮೇಲೆ ಬಿದ್ದ ಪೆಟ್ಟು ಗಣತಿಯಲ್ಲಿ ಬೇಗ ಕಾಣಿಸುವುದಿಲ್ಲ. ತಲೆ ಎಣಿಸಿದರೆ ಹಿಂಡು ಹಿಂಡಾಗಿಯೇ ಇದೆ, ಹೆಣ್ಣುಗಳು ಬದುಕಿವೆ, ಸಂಖ್ಯೆ ಹೆಚ್ಚು ಕಡಿಮೆಯಾಗಿಲ್ಲ. ಒಳಗೆ ಮಾತ್ರ ಹುಟ್ಟು ಕುಗ್ಗುತ್ತ ಬಂದಿದೆ. ಕೆನಡಾದ ಪರಿಸರ ವಿಜ್ಞಾನಿ ಸಿ.ಎಸ್. ಹಾಲಿಂಗ್ 1973ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ ಸ್ಥಿರತೆ ಬೇರೆ, ಚೇತರಿಸಿಕೊಳ್ಳುವ ಕಸುವು ಬೇರೆ ಎಂದು ಸ್ಪಷ್ಟಪಡಿಸಿದರು. ಮೇಲ್ನೋಟಕ್ಕೆ ಅಲುಗಾಡದ ವ್ಯವಸ್ಥೆಯೊಂದು ಒಳಗಿನ ಕಸುವು ಕಳೆದುಕೊಂಡು, ಮುಂದಿನ ಚಿಕ್ಕ ಬರಕ್ಕೇ ಕುಸಿಯಬಹುದು. ಏರಿಳಿಯುತ್ತಲೇ ಇರುವ ಇನ್ನೊಂದು ವ್ಯವಸ್ಥೆ ದೊಡ್ಡ ಆಘಾತವನ್ನೂ ತಾಳಿಕೊಳ್ಳಬಹುದು.

ಪರಿಸರಕ್ಕೆಂದು ಹೇಳಿದ ಈ ಮಾತು ಜನಸಮುದಾಯಕ್ಕೂ ಸಲ್ಲುತ್ತದೆ ಎಂಬುದು ನನ್ನ ನಿಲುವು. ಠಾಣೆಯ ದಾಖಲೆಯಲ್ಲಿ ದೂರು ಇಲ್ಲದ ಹಳ್ಳಿ ಶಾಂತವಾಗಿದೆ ಎಂದು ತಿಳಿಯುವುದು, ಗಂಡಾನೆ ಇಲ್ಲದ ಹಿಂಡನ್ನು ತಲೆ ಎಣಿಸಿ ಕ್ಷೇಮ ಎಂದಂತೆ. ಎಂಬತ್ತರ ದಶಕದ ಕೊನೆಯ ಗೋಪಿನಾಥಂ ಅಂಥ ಮೌನದ ಊರು. ಅಲ್ಲಿಗೆ ಬಂದವರು ಪಿ. ಶ್ರೀನಿವಾಸ್.

ರಾಜಮಹೇಂದ್ರಿಯ ಕಡೆಯ ಈ ಅರಣ್ಯಾಧಿಕಾರಿಗೆ ವೀರಪ್ಪನ್ ಹೊಸಬನೇನಲ್ಲ. 1986ರಲ್ಲಿ ಸಿಕ್ಕಿಬಿದ್ದ ವೀರಪ್ಪನ್ ಬೂದಿಪಡಗದ ಅರಣ್ಯ ವಸತಿಗೃಹದ ಬಂಧನದಿಂದ ತಪ್ಪಿಸಿಕೊಂಡಿದ್ದ. ತೊಂಬತ್ತರ ದಶಕದ ಹೊಸ್ತಿಲಲ್ಲಿ ಶ್ರೀನಿವಾಸ್ ಗೋಪಿನಾಥಂನಲ್ಲೇ ಬಿಡಾರ ಹೂಡಿದರು. ಕುಡಿಯುವ ನೀರು ತಂದರು, ಸಂಚಾರಿ ಚಿಕಿತ್ಸಾಲಯ ಓಡಿಸಿದರು, ಮನೆ ಕಟ್ಟಿಕೊಳ್ಳಲು ನೆರವಾದರು, ಊರವರ ಜೊತೆ ಸೇರಿ ಮಾರಿಯಮ್ಮನ ಗುಡಿ ಎಬ್ಬಿಸಿದರು. ಕಳ್ಳಸಾಗಣೆಗೆ ಹೋಗಿದ್ದವರ ಮನೆಗಳಿಗೆ ಹೋಗಿ ಶರಣಾಗಿ ಎಂದು ಮಾತಾಡಿಸಿದರು, ಹಲವರು ಶರಣಾದರು. ಇದನ್ನು ದಯೆ ಎಂದಷ್ಟೇ ಓದಿದರೆ ಶ್ರೀನಿವಾಸರಿಗೆ ಅನ್ಯಾಯವಾಗುತ್ತದೆ. ಆತ ಲೆಕ್ಕ ಬಲ್ಲ ಅಧಿಕಾರಿ. ಹೇಳಿದರೆ ಊರಿಗೇನು ಬಂತು ಎಂಬ ಪ್ರಶ್ನೆಗೆ ನಲ್ಲಿಯ ನೀರನ್ನು ತೋರಿಸಿದರು. ಹೇಳಿದವನನ್ನು ಯಾರು ಕಾಯುತ್ತಾರೆ ಎಂಬುದಕ್ಕೆ ತಾವೇ ಅಲ್ಲಿ ಮಲಗಿದರು. ಇರಾಕಿನ ಅಧ್ಯಯನಕಾರರು ಇಪ್ಪತ್ತು ವರ್ಷ ತಡವಾಗಿ ಕಂಡುಕೊಂಡ ಇನ್ನೊಂದು ಅಂಶ ಇಲ್ಲಿ ಗಮನಾರ್ಹ: ಹಿಂಸೆ ತಗ್ಗಿಸಿದ್ದು ಕೋಟಿಗಟ್ಟಲೆಯ ಭಾರಿ ಯೋಜನೆಗಳಿಗಿಂತ ಸ್ಥಳೀಯರ ಬೇಡಿಕೆ ತಿಳಿದು ಕೈಗೊಂಡ ಸಣ್ಣ ಮೊತ್ತದ ಕಾಮಗಾರಿಗಳು, ಅದೂ ರಕ್ಷಣೆ ಜೊತೆಗಿದ್ದಾಗ.

1991ರ ನವೆಂಬರ್ 10ರಂದು, ವೀರಪ್ಪನ್ ಶರಣಾಗುತ್ತಾನೆಂಬ ಮಾತು ನಂಬಿ ಕಾಡಿನೊಳಗೆ ಹೋದ ಶ್ರೀನಿವಾಸರನ್ನು ಗುಂಡಿಕ್ಕಿ ಕೊಂದು ತಲೆ ಕಡಿಯಲಾಯಿತು. ಅವರಿಗಾಗ 37 ವರ್ಷ. ಮರಣೋತ್ತರವಾಗಿ ಕೀರ್ತಿಚಕ್ರ ಬಂತು. ಊರಿನವರು ಅವರ ಚಿತ್ರವನ್ನು ಗುಡಿಯಲ್ಲಿಟ್ಟು ಪೂಜಿಸುತ್ತಾರೆ. ಅವರ ದಾರಿ ಸೋತಿತು ಎಂದು ಆಗಲೂ ಹೇಳಿದವರಿದ್ದರು, ಈಗಲೂ ಇದ್ದಾರೆ. ನನಗೆ ಕಾಣುವುದು ಬೇರೆ: ತನ್ನ ತಂಡ ಕರಗಿಸುತ್ತಿದ್ದ ಅಧಿಕಾರಿಯನ್ನೇ ವೀರಪ್ಪನ್ ಮೋಸದಿಂದ ಕರೆಸಿ ಕೊಂದ. ಆ ದಾರಿಯ ಕೊರತೆಯೂ ಅಲ್ಲೇ ಇತ್ತು. ನಂಬಿಕೆಯೆಲ್ಲ ಒಬ್ಬ ವ್ಯಕ್ತಿಯ ಮೇಲೆ ನಿಂತಿತ್ತು, ಇಲಾಖೆಯ ಮೇಲಲ್ಲ. ವ್ಯಕ್ತಿ ಹೋದಾಗ ಅದೂ ಹೋಯಿತು.

ಮುಂದಿನದು ಬೇಗ ಹೇಳಬಹುದಾದ, ಆದರೆ ಹೇಳಲು ಕಷ್ಟವಾದ ಅಧ್ಯಾಯ. 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಮೇಲೆ ದಾಳಿ. ಆಗಸ್ಟ್ 14ರಂದು ಮೀಣ್ಯದ ಬಳಿ, ಸುಳಿವೊಂದನ್ನು ನಂಬಿ ಹೋದ ಎಸ್‌ಪಿ ಟಿ. ಹರಿಕೃಷ್ಣ, ಸಬ್‌ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ಸಂಗಡಿಗರು ಹೊಂಚಿಗೆ ಬಲಿ. ಸುಳಿವು ಎಂಬುದು ಎರಡಲಗಿನ ಕತ್ತಿ ಎಂದು ಇಲಾಖೆಗೆ ಗೊತ್ತಾಯಿತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಕೆಲಕಾಲ ಗಡಿ ಭದ್ರತಾ ಪಡೆಯೂ ಬಂತು. ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ (ಎಸ್‌ಟಿಎಫ್) ಊರೂರು ಸೋಸಿತು.

ಸೋಸುವಾಗ ಸಿಕ್ಕವರನ್ನು ಏನು ಮಾಡಲಾಯಿತೆಂಬುದು ಈಗ ಅಧಿಕೃತ ದಾಖಲೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಮಹದೇಶ್ವರ ಬೆಟ್ಟದ ಎಸ್‌ಟಿಎಫ್ ಶಿಬಿರದಲ್ಲಿ ‘ವರ್ಕ್‌ಶಾಪ್’ ಎಂದು ಕರೆಯಲಾಗುತ್ತಿದ್ದ ಜಾಗದ ಬಗ್ಗೆ ಬದುಕುಳಿದವರು ಸಾಕ್ಷ್ಯ ನುಡಿದರು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. ಪಾಲಾರ್ ಮುಂತಾದ ಪ್ರಕರಣಗಳಲ್ಲಿ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಬಂಧಿಸಲಾದ ಹಳ್ಳಿಗರಲ್ಲಿ ಬಹುಪಾಲು ಮಂದಿಯನ್ನು ಮೈಸೂರಿನ ವಿಶೇಷ ನ್ಯಾಯಾಲಯ 2001ರಲ್ಲಿ ಬಿಡುಗಡೆ ಮಾಡಿತು, ಅಷ್ಟರೊಳಗೆ ಅವರು ಎಂಟು ವರ್ಷದಷ್ಟು ಜೈಲಿನಲ್ಲಿ ಕಳೆದಿದ್ದರು. ಇತ್ತ ಪೊಲೀಸರ ಕಡೆಯ ಸಾವುನೋವೂ ಸಣ್ಣದಲ್ಲ. ಆ ಕುಟುಂಬಗಳ ದುಃಖವನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಿ ತೂಗುವುದು ಸರಿಯಲ್ಲ.

ನ್ಯಾಯದ ಮಾತನ್ನು ಒತ್ತಟ್ಟಿಗಿಟ್ಟು ಬರಿಯ ಪರಿಣಾಮದ ದೃಷ್ಟಿಯಿಂದ ನೋಡೋಣ. ಅಮೆರಿಕದ ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ ಷಿಕಾಗೋ ನಗರದ 1,575 ಜನರನ್ನು ಸಂದರ್ಶಿಸಿ, ಜನ ಕಾನೂನನ್ನು ಏಕೆ ಪಾಲಿಸುತ್ತಾರೆ ಎಂದು ಕೇಳಿಕೊಂಡರು. ಶಿಕ್ಷೆಯ ಭಯಕ್ಕಿಂತ ಹೆಚ್ಚು ಕೆಲಸ ಮಾಡುತ್ತಿದ್ದುದು ಒಂದು ಭಾವನೆ: ಅಧಿಕಾರಿಗಳು ನನ್ನ ಮಾತು ಕೇಳಿದರು, ಎಲ್ಲರಿಗೂ ಒಂದೇ ನಿಯಮ ಹಾಕಿದರು, ಮರ್ಯಾದೆಯಿಂದ ನಡೆಸಿಕೊಂಡರು ಎಂಬ ಭಾವನೆ. ತೀರ್ಪು ತಮಗೆ ವಿರುದ್ಧ ಬಂದವರಲ್ಲೂ ಅದು ಕೆಲಸ ಮಾಡುತ್ತಿತ್ತು. ಮುಂದಿನ ಅಧ್ಯಯನಗಳು ಇದನ್ನು ಪೊಲೀಸರೊಡನೆ ಸಹಕಾರಕ್ಕೂ ವಿಸ್ತರಿಸಿದವು. ಹೀಗಿರುವಾಗ ಸುಳಿವಿಗಾಗಿ ಹೊಡೆದರೆ ಆವತ್ತು ಒಂದು ಹೆಸರು ಸಿಗಬಹುದು. ಆದರೆ ಹೊಡೆತ ತಿಂದವನ ಅಣ್ಣತಮ್ಮಂದಿರು, ಭಾವಮೈದುನರು, ನೆರೆಮನೆಯವರು ಮುಂದೆಂದೂ ಬಾಯಿ ಬಿಡುವುದಿಲ್ಲ.

2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣವಾದಾಗ ಇಡೀ ರಾಜ್ಯ 108 ದಿನ ಉಸಿರು ಬಿಗಿಹಿಡಿಯಿತು. ಆ ದಿನಗಳ ಗದ್ದಲದಲ್ಲಿ ಹಿಂದೆ ಸರಿದ ಒಂದು ಸಂಗತಿ ಈ ಲೇಖನಕ್ಕೆ ಬೇಕು. ವೀರಪ್ಪನ್‌ನ ಬೇಡಿಕೆಯಂತೆ ಟಾಡಾ ಕೈದಿಗಳ ಮೇಲಿನ ಆರೋಪ ಕೈಬಿಡಲು ಸರ್ಕಾರ ಹೊರಟಾಗ, ಮೀಣ್ಯದಲ್ಲಿ ಸತ್ತ ಶಕೀಲ್ ಅಹ್ಮದರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರಿನಲ್ಲಿ ಕೋರ್ಟು ಆ ಬಿಡುಗಡೆಯನ್ನು ತಡೆಯಿತು. ಸರ್ಕಾರ ಕೈಚೆಲ್ಲಿದ ಗಳಿಗೆಯಲ್ಲಿ ನಿವೃತ್ತ ತಂದೆಯೊಬ್ಬರ ಅರ್ಜಿ ಕೆಲಸ ಮಾಡಿತು. ಜೈಲಿನಲ್ಲಿದ್ದವರಲ್ಲಿ ನಿರಪರಾಧಿಗಳೇ ಹೆಚ್ಚಿದ್ದರೆಂದು ಮರುವರ್ಷ ಅದೇ ನ್ಯಾಯವ್ಯವಸ್ಥೆ ಹೇಳಿತು. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದು ನಮಗೆ ಕಷ್ಟ, ಆದರೆ ಎರಡೂ ಆ ವ್ಯವಸ್ಥೆಯ ಕಸುವಿನ ಗುರುತುಗಳೇ.

2002ರಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಕಾಮಗೆರೆಯಿಂದ ಅಪಹರಣಕ್ಕೊಳಗಾಗಿ ಹೆಣವಾಗಿ ಸಿಕ್ಕರು. ಕೊನೆಗೆ 2004ರ ಅಕ್ಟೋಬರ್ 18ರಂದು ಧರ್ಮಪುರಿಯ ಪಾಪ್ಪಾರಪಟ್ಟಿ ಬಳಿ ವೀರಪ್ಪನ್ ಸತ್ತದ್ದು ಹೇಗೆ? ಕೂಂಬಿಂಗ್ ಪಡೆ ಕಾಡಿನೊಳಗೆ ಹೋಗಿ ಹಿಡಿದದ್ದಲ್ಲ. ಕೆ. ವಿಜಯ್‌ಕುಮಾರ್ ನೇತೃತ್ವದ ತಮಿಳುನಾಡು ಎಸ್‌ಟಿಎಫ್ ಅವನ ಸಂಪರ್ಕಜಾಲದೊಳಕ್ಕೆ ತನ್ನವರನ್ನು ನುಸುಳಿಸಿ, ಕಣ್ಣಿನ ಚಿಕಿತ್ಸೆಯ ನೆಪದಲ್ಲಿ ಆಂಬುಲೆನ್ಸ್ ಹತ್ತಿಸಿ ಹೊರಗೆ ತಂದಿತು. ಅಷ್ಟು ವರ್ಷಗಳ ಬಂದೂಕಿನ ಲೆಕ್ಕವನ್ನು ಮುಗಿಸಿದ್ದೂ ಮಾಹಿತಿಯೇ.

ಇಲ್ಲಿಗೆ ಕಥೆ ಮುಗಿಯಿತೆಂದು ಸಿನಿಮಾದವರು ತಿಳಿದಿದ್ದಾರೆ. ಕಾಡಿನ ಮಟ್ಟಿಗೆ ಒಳ್ಳೆಯ ಸುದ್ದಿಗಳಿವೆ. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳು 6,395, ದೇಶದಲ್ಲೇ ಹೆಚ್ಚು. 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮ ಘೋಷಣೆಯಾಗಿ 906 ಚದರ ಕಿ.ಮೀ. ಕಾಡು ರಕ್ಷಣೆಯಡಿ ಬಂತು. ಗೋಪಿನಾಥಂನಲ್ಲಿ ಜಂಗಲ್ ಲಾಡ್ಜಸ್‌ನ ಶಿಬಿರವಿದೆ, ಪ್ರವಾಸಿಗಳು ಬರುತ್ತಾರೆ. ಯಳಂದೂರು ಬದಿಯ ಬಿಳಿಗಿರಿರಂಗನಬೆಟ್ಟದಲ್ಲಿ 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಮೀಸಲಿನೊಳಗೆ ಹೀಗಾದದ್ದು ದೇಶದಲ್ಲೇ ಮೊದಲು. ಎಲಿನಾರ್ ಆಸ್ಟ್ರಮ್ ನೊಬೆಲ್ ಪಡೆದದ್ದು ಸಾಮುದಾಯಿಕ ಸಂಪತ್ತನ್ನು ಬಳಸುವವರೇ ನಿಯಮ ಮಾಡಿ ಕಾಯಬಲ್ಲರೆಂದು ತೋರಿಸಿದ್ದಕ್ಕೆ. ಹಲವು ದೇಶಗಳ ಕಾಡುಗಳನ್ನು ಹೋಲಿಸಿ ಅವರು ಸಹೋದ್ಯೋಗಿಗಳೊಡನೆ 2005ರಲ್ಲಿ ಬರೆದ ಲೇಖನದ ಪ್ರಕಾರ, ಕಾಡಿನ ಸ್ಥಿತಿ ಚೆನ್ನಾಗಿರುವುದಕ್ಕೂ ಬಳಕೆದಾರರು ತಾವೇ ನಿಯಮಿತವಾಗಿ ನಿಗಾ ಇಡುವುದಕ್ಕೂ ಗಟ್ಟಿ ನಂಟು. ಸೋಲಿಗರು ತರಗುಬೆಂಕಿ ಹಾಕಿ ಕಾಡಿನ ನೆಲ ಹಸನಾಗಿಡುತ್ತಿದ್ದರು, ಅದನ್ನು ನಿಷೇಧಿಸಿದ ಮೇಲೆ ಲಂಟಾನ ಹಬ್ಬಿತು ಎಂದು ಅವರೇ ಹೇಳುತ್ತ ಬಂದಿದ್ದಾರೆ, ಪರಿಸರ ವಿಜ್ಞಾನಿಗಳು ತಡವಾಗಿ ಕಿವಿಗೊಟ್ಟರು.

ಹನೂರು ಬದಿಯಲ್ಲಿ ಮಾತ್ರ ಹಳೆಯ ಮೌನ ಪೂರ್ತಿ ಕರಗಿಲ್ಲ. 2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯ ದಿನ, ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ ರಸ್ತೆ, ನೀರು, ಕರೆಂಟು ಇಲ್ಲವೆಂದು ಮತದಾನ ಬಹಿಷ್ಕರಿಸಿದ್ದ ಜನರಿಗೂ ಅಧಿಕಾರಿಗಳಿಗೂ ಘರ್ಷಣೆಯಾಗಿ ಮತಗಟ್ಟೆ ಧ್ವಂಸವಾಯಿತು. ಮೂರು ದಿನದ ಮೇಲೆ ಮರುಮತದಾನ ನಡೆಯಿತು, ಹೆಚ್ಚಿನವರು ಬರಲಿಲ್ಲ. 2025ರ ಜೂನ್ 26ರಂದು ಹೂಗ್ಯಂ ವಲಯದಲ್ಲಿ, ಮೂವತ್ತಮೂರು ವರ್ಷದ ಹಿಂದೆ ಹರಿಕೃಷ್ಣ ಸತ್ತ ಅದೇ ಮೀಣ್ಯದ ಕಾಡಿನಲ್ಲಿ, ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಲಾಗಿತ್ತು. ಹಸು ಸತ್ತ ಸುದ್ದಿ ಇಲಾಖೆಗೆ ಮೊದಲು ಮುಟ್ಟಿದ್ದರೆ ಪರಿಹಾರದ ಅರ್ಜಿ ಬರೆಯಬಹುದಿತ್ತು. ಹೊರಗುತ್ತಿಗೆಯ ವಾಚರ್‌ಗಳಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ ಎಂಬುದೂ ಆಗಲೇ ಹೊರಬಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಹನೂರು ಕಡೆಯಲ್ಲೇ ಇನ್ನೊಂದು ಹುಲಿಯ ತುಂಡರಿಸಿದ ದೇಹ ಸಿಕ್ಕಿತು.

ಊರಿನ ಮಾತು ಮೊದಲು ಕಿವಿಗೆ ಬೀಳುವುದು ವಾಚರನಿಗೆ. ಅವನು ಅದೇ ಊರಿನವನು, ದೊಡ್ಡಿಯಲ್ಲಿ ಯಾರ ದನ ಸತ್ತಿತು, ಯಾರ ಮನೆಯಲ್ಲಿ ಕೀಟನಾಶಕದ ಡಬ್ಬಿ ಬಂತು ಎಂಬುದು ಅವನಿಗೆ ತಾನಾಗಿ ತಿಳಿಯುತ್ತದೆ. ಸಂಬಳ ಕಾಣದ ವಾಚರ್ ಅದನ್ನು ಯಾರಿಗೆ, ಯಾಕಾಗಿ ಹೇಳಬೇಕು? ಬಂಡೀಪುರ, ನಾಗರಹೊಳೆ ಸುತ್ತ 2015ರಿಂದ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ನಡೆಸುತ್ತಿರುವ ‘ವೈಲ್ಡ್ ಸೇವೆ’ಯಲ್ಲಿ ರೈತ ಉಚಿತ ಸಂಖ್ಯೆಗೆ ಕರೆ ಮಾಡಿದರೆ ಒಬ್ಬ ಬಂದು ಫೋಟೊ ತೆಗೆದು ಪರಿಹಾರದ ಅರ್ಜಿ ತುಂಬಿಕೊಡುತ್ತಾನೆ. ಅದು ಮಹಾ ತಂತ್ರಜ್ಞಾನವೇನಲ್ಲ. ನಷ್ಟವಾದವನು ವಿಷದ ಡಬ್ಬಿಗಿಂತ ಮೊದಲು ಫೋನು ಎತ್ತಿಕೊಳ್ಳುವಂತೆ ಮಾಡುತ್ತದೆ, ಅಷ್ಟೆ.

ರಕ್ಷಣಾ ಬಜೆಟ್ಟು ಪ್ರತಿ ಫೆಬ್ರವರಿಯಲ್ಲಿ ಮುಖಪುಟಕ್ಕೆ ಬರುತ್ತದೆ. ದನ ಸತ್ತ ದಿನದಿಂದ ಪರಿಹಾರ ಕೈಸೇರುವ ದಿನದವರೆಗಿನ ಅಂತರ, ವಾಚರ್‌ಗಳ ಸಂಬಳ ಜಮೆಯಾದ ತಾರೀಕು, ವಲಯವಾರು ಎಷ್ಟು ಸುಳಿವು ಊರಿನವರಿಂದ ಬಂತು ಎಂಬ ಲೆಕ್ಕ ಯಾವ ಪುಟದಲ್ಲೂ ಬರುವುದಿಲ್ಲ. ಹನೂರು, ಕೊಳ್ಳೇಗಾಲ, ಯಳಂದೂರಿನ ಓದುಗರು ಮಾಹಿತಿ ಹಕ್ಕಿನಡಿ ಈ ಮೂರನ್ನೂ ಕೇಳಿ ಪಡೆಯಬಹುದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು.